ಬ್ಯಾರನ್ ಕಟ್ಟೆಯ ಮೇಲೆ ಹನ್ನೆರಡು ನಿಮಿಷ

ಪುಸ್ತಕದಂಗಡಿ ಇಲ್ಲದ ಊರಿಗೆ ಹೊಸ ಪುಸ್ತಕದ ಸುದ್ದಿ ಈಗ ಕಿವಿಯ ದಾರಿಯಲ್ಲಿ ಬರುತ್ತಿದೆ. ಬರೆದವರೇ ಫೋನಿನೊಳಗೆ ಕೂತು ಹತ್ತು-ಹನ್ನೆರಡು ನಿಮಿಷ ಮಾತಾಡುತ್ತಾರೆ. ಕೇಳಿದವರು ‘ಆ ಪುಸ್ತಕ ಎಲ್ ಸಿಗ್ತದೆ?’ ಅನ್ನುತ್ತಾರೆ. ಹೊಗೆಸೊಪ್ಪಿನ ಸೀಮೆಯ ಒಂದು ರಾತ್ರಿಯಿಂದ ಹೊರಟ ಕತೆ ಇದು.

ರಾತ್ರಿ ಹನ್ನೊಂದೂವರೆ. ಕಂಪಲಾಪುರದ ಆಚೆ, ಹೆದ್ದಾರಿಯ ಲಾರಿ ಸದ್ದು ಕೇಳಿಸಿಯೂ ಕೇಳಿಸದಷ್ಟು ದೂರದ ಹೊಲದಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಉರಿಯುತ್ತಿತ್ತು. ಒಳಗೆ ಕಡ್ಡಿಗೆ ಕಟ್ಟಿ ನೇತುಹಾಕಿದ್ದ ಸೊಪ್ಪು ಹಸಿರು ಬಿಟ್ಟು ಹಳದಿಗೆ ತಿರುಗುವ ಹೊತ್ತು. ನನ್ನ ಸೋದರಮಾವ ಒಲೆಬಾಯಿಗೆ ಒಂದು ಕೊರಡು ತಳ್ಳಿದರು. ಗಾಜಿನ ಕಿಂಡಿಗೆ ಟಾರ್ಚ್ ಹಿಡಿದು ಥರ್ಮಾಮೀಟರ್ ನೋಡಿದರು. ಪಂಚೆಯ ತುದಿಯಲ್ಲಿ ಮುಖ ಒರೆಸಿಕೊಂಡು ಕಟ್ಟೆಯ ಮೇಲೆ ಬಂದು ಕೂತರು.

ಕಟ್ಟೆಯ ಮೇಲೊಂದು ಸ್ಟೀಲ್ ಚೊಂಬು, ಅದರೊಳಗೆ ನಿಲ್ಲಿಸಿದ ಫೋನು. ಚೊಂಬಿನಿಂದ ಹೆಂಗಸೊಬ್ಬರ ದನಿ ಬರುತ್ತಿತ್ತು. ಯಾರೋ ಪ್ರಶ್ನೆ ಕೇಳುತ್ತಿದ್ದರು, ಅವರು ಸಾವಧಾನವಾಗಿ ಉತ್ತರಿಸುತ್ತಿದ್ದರು. ಭಾಷಣದ ಏರುದನಿ ಇಲ್ಲ, ಜಗಲಿಯ ಮೇಲೆ ಕೂತು ಪಕ್ಕದ ಮನೆಯವರ ಜೊತೆ ಆಡುವ ಮಾತಿನ ಹದ.

“ಯಾರ್ಲಾ ಈವಮ್ಮ?” ಮಾವ ಕೇಳಿದರು.

“ಬಾನು ಮುಷ್ತಾಕ್ ಅಂತ, ಮಾವ. ಹಾಸನದವರು, ವಕೀಲರು. ಇವರ ಕತೆ ಪುಸ್ತಕಕ್ಕೆ ಲಂಡನ್ನಿನಲ್ಲಿ ದೊಡ್ಡ ಬಹುಮಾನ ಬಂತಲ್ಲ…”

“ಬೌಮಾನದ್ ಇಚಾರ ಅತ್ಲಾಗಿರ್‍ಲಿ. ಆ ಪುಸ್ತಕ ಎಲ್ ಸಿಗ್ತದೆ?”

ಮಾತು ಮುಗಿಯಿತು. ಮಾವ ಎದ್ದು ಮತ್ತೆ ಒಲೆಯ ಕಡೆ ನಡೆದರು. ಆ ಪ್ರಶ್ನೆ ಮಾತ್ರ ನನ್ನ ಜೊತೆ ಕಟ್ಟೆಯ ಮೇಲೆಯೇ ಕೂತಿತು. ಮೂವತ್ತು ವರ್ಷಗಳಿಂದ ಪುಸ್ತಕ ಓದುತ್ತೇನೆ, ಪುಸ್ತಕದ ಬಗ್ಗೆ ಬರೆಯುತ್ತೇನೆ. ನನ್ನ ಯಾವ ಬರಹವೂ ನನ್ನ ಮಾವನಿಂದ ಈ ಪ್ರಶ್ನೆ ಕೇಳಿಸಿರಲಿಲ್ಲ. ಹನ್ನೆರಡು ನಿಮಿಷದ ಒಂದು ದನಿ ಕೇಳಿಸಿತು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಈ ನಾಲ್ಕು ತಾಲ್ಲೂಕುಗಳಲ್ಲಿ ಮಳೆಗಾಲದ ರಾತ್ರಿ ಎಂದರೆ ಹಲವರಿಗೆ ನಿದ್ದೆಗೆಟ್ಟ ರಾತ್ರಿ. ಒಂದು ಬ್ಯಾರನ್ ಸೊಪ್ಪು ಬೆಂದು ಹದವಾಗಲು ಹತ್ತಿರ ಹತ್ತಿರ ಒಂದು ವಾರ ಬೇಕು. ತೊಂಬತ್ತು ಚಿಲ್ಲರೆ ಡಿಗ್ರಿ ಫ್ಯಾರನ್‌ಹೀಟ್‌ನಿಂದ ಶುರುಮಾಡಿ, ಎಲೆ ಒಣಗಿ ದಂಟು ಒಣಗುವ ಹೊತ್ತಿಗೆ ನೂರಾ ಅರವತ್ತರವರೆಗೆ ಕಾವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು. ಏರಿಸುವ ಆತುರದಲ್ಲಿ ಸೊಪ್ಪು ಕಪ್ಪಾದರೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಉರಿ ಆರಿದರೆ ವರ್ಷದ ದುಡಿಮೆಗೇ ಕುತ್ತು. ಅದಕ್ಕೇ ಅರ್ಧ ಗಂಟೆಗೊಮ್ಮೆ ಏಳಬೇಕು, ಸೌದೆ ತಳ್ಳಬೇಕು, ಕಿಂಡಿ ನೋಡಬೇಕು.

ಆ ಎರಡು ಏಳುವಿಕೆಗಳ ನಡುವೆ ಸಿನಿಮಾ ಹಿಡಿಸುವುದಿಲ್ಲ. ಮಂದ ಬಲ್ಬಿನ ಕೆಳಗೆ ಪುಸ್ತಕ ಓದಲಾಗುವುದಿಲ್ಲ, ಹೊಗೆಗೆ ಕಣ್ಣು ಉರಿಯುತ್ತದೆ. ಕಿವಿ ಮಾತ್ರ ಬಿಡುವಾಗಿರುತ್ತದೆ. ಮಾವನ ಹರೆಯದಲ್ಲಿ ಆ ಬಿಡುವನ್ನು ರೇಡಿಯೋ ತುಂಬುತ್ತಿತ್ತು. ಸಂಜೆಯ ಕೃಷಿರಂಗ, ಪ್ರದೇಶ ಸಮಾಚಾರ, ಆಮೇಲೆ ಚಿತ್ರಗೀತೆ. ಎಸ್ಸೆಸ್ಸೆಲ್ಸಿವರೆಗೆ ಓದಿದ ಅವರು ಆ ಕಾಲದಲ್ಲಿ ತರಾಸು, ಅನಕೃ ಕಾದಂಬರಿಗಳನ್ನು ಎರವಲು ತಂದು ಓದಿದ್ದರಂತೆ. ಮದುವೆ, ಜಮೀನು, ಸಾಲ ಇವುಗಳ ನಡುವೆ ಯಾವಾಗ ಓದು ನಿಂತಿತೆಂದು ಅವರಿಗೂ ನೆನಪಿಲ್ಲ.

2025ರ ಆಗಸ್ಟ್‌ನಲ್ಲಿ ಊರಿಗೆ ಹೋದಾಗ ಲೇಖಕರ ಜೊತೆಗಿನ ಹತ್ತಾರು ಚಿಕ್ಕ ಸಂದರ್ಶನಗಳನ್ನು ಅವರ ಫೋನಿಗೆ ಇಳಿಸಿಕೊಟ್ಟೆ. ರಾತ್ರಿ ಹೊತ್ತು ಹೋಗಲಿ ಎಂಬುದಷ್ಟೇ ನನ್ನ ಉದ್ದೇಶ. ಪುಸ್ತಕ ಎಲ್ಲಿ ಸಿಗುತ್ತದೆ ಎಂದು ಅವರು ಕೇಳುತ್ತಾರೆಂದು ನಾನು ಎಣಿಸಿರಲಿಲ್ಲ.

ವೊಂಟಿಕೊಪ್ಪಲಿನ ಮನೆಯಿಂದ

2025ರ ಸೆಪ್ಟೆಂಬರ್ 10ಕ್ಕೆ ಮೈಸೂರಿನ ಆಕಾಶವಾಣಿಗೆ ತೊಂಬತ್ತು ತುಂಬಿತು. 1935ರ ಆ ದಿನ ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ವೊಂಟಿಕೊಪ್ಪಲಿನ ತಮ್ಮ ಮನೆ ‘ವಿಠಲ ವಿಹಾರ’ದಿಂದ 30 ವಾಟ್‌ನ ಪುಟ್ಟ ಪ್ರೇಷಕದಲ್ಲಿ ಪ್ರಸಾರ ಶುರುಮಾಡಿದರು. ಮನೆಯ ಬಲ್ಬಿಗೆ ಬೇಕಾಗುವಷ್ಟು ವಿದ್ಯುತ್ತು. ಆ ಮನೆಯ ನಿಲಯಕ್ಕೆ ಇಟ್ಟ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು.

ಇಂದು ಒಬ್ಬರೇ ಮನೆಯ ಮೂಲೆಯಲ್ಲಿ ಮೈಕು ಇಟ್ಟುಕೊಂಡು ಪಾಡ್‌ಕಾಸ್ಟ್ ಮಾಡುವವರನ್ನು ಕಂಡಾಗ ನನಗೆ ನೆನಪಾಗುವುದು ಆ ಮೇಷ್ಟರು. ಸರ್ಕಾರ ಹೇಳಲಿಲ್ಲ, ಕಂಪನಿ ಹಣ ಕೊಡಲಿಲ್ಲ. ದನಿಯನ್ನು ದೂರಕ್ಕೆ ಕಳಿಸಬೇಕು ಎನ್ನಿಸಿತು, ಕೈಯಿಂದ ಖರ್ಚು ಮಾಡಿ ಕಳಿಸಿದರು.

ಬರಹಗಾರರನ್ನು ಮಾತಾಡಿಸುವ ಕೆಲಸವೂ ಈ ನಿಲಯಕ್ಕೆ ಹೊಸದಲ್ಲ. ಯು.ಆರ್. ಅನಂತಮೂರ್ತಿಯವರು ಗೋಪಾಲಕೃಷ್ಣ ಅಡಿಗ, ಶಿವರಾಮ ಕಾರಂತ, ಆರ್.ಕೆ. ನಾರಾಯಣ್ ಅವರಂಥವರನ್ನು ಮೈಸೂರು ಆಕಾಶವಾಣಿಗಾಗಿ ಸಂದರ್ಶಿಸಿದ್ದರು. ಬರೆಯುವವರೇ ಬರೆಯುವವರನ್ನು ಕೇಳಿದ ಮಾತುಗಳು ಅವು. ಅಡಿಗರ ಪದ್ಯ ಕಷ್ಟ ಎಂದು ದೂರ ನಿಂತವರಿಗೆ ಅಡಿಗರ ದನಿ ಕಷ್ಟವಾಗುವುದಿಲ್ಲ. ಕವಿ ಉಸಿರೆಳೆದುಕೊಳ್ಳುವ ಜಾಗ, ತಡವರಿಸುವ ಜಾಗ, ನಗುವ ಜಾಗ ಕೇಳಿದ ಮೇಲೆ ಅಚ್ಚಾದ ಸಾಲಿಗೆ ಬೇರೆಯೇ ಬಾಗಿಲು ತೆರೆಯುತ್ತದೆ.

ಒಂದು ತೊಂದರೆ ಇತ್ತು. ರೇಡಿಯೋ ಮಾತು ಗಾಳಿಗೆ ಹೋದರೆ ಹೋಯಿತು. ಆ ಹೊತ್ತಿಗೆ ನೀವು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರೆ ಅಡಿಗರು ನಿಮಗೆ ಸಿಗಲಿಲ್ಲ, ಅಷ್ಟೆ.

ದನಿ ಜೇಬಿಗೆ ಬಂದದ್ದು

• ‘ಪಾಡ್‌ಕಾಸ್ಟ್’ ಎಂಬ ಪದ ಮೊದಲು ಅಚ್ಚಾದದ್ದು 2004ರ ಫೆಬ್ರವರಿಯಲ್ಲಿ, ಬ್ರಿಟನ್ನಿನ ‘ದಿ ಗಾರ್ಡಿಯನ್’ ಪತ್ರಿಕೆಯಲ್ಲಿ. ಬರೆದವರು ಬೆನ್ ಹ್ಯಾಮರ್ಸ್ಲಿ. ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಸೇರಿ ಆದ ಪದ.

• ಇದರ ಬೆನ್ನೆಲುಬು ಆರ್‌ಎಸ್‌ಎಸ್ ಫೀಡ್ ಎಂಬ ಸರಳ ಪಟ್ಟಿ. ಹೊಸ ಕಂತು ಪಟ್ಟಿಗೆ ಸೇರಿದೊಡನೆ ಚಂದಾದಾರರ ಆ್ಯಪ್‌ಗೆ ತಾನೇ ಗೊತ್ತಾಗುತ್ತದೆ. ಊರಿನಲ್ಲಿ ಸಿಗ್ನಲ್ ಇರುವ ಜಾಗದಲ್ಲಿ ಇಳಿಸಿಕೊಂಡರೆ, ಸಿಗ್ನಲ್ ಇಲ್ಲದ ಹೊಲದಲ್ಲೂ ಕೇಳಬಹುದು.

• 2016ರ ಸೆಪ್ಟೆಂಬರ್ 5ರಂದು ಜಿಯೋ ಸೇವೆ ಶುರುವಾಯಿತು. ಡೇಟಾ ದರ ಇಳಿದ ಮೇಲೆಯೇ ಹಳ್ಳಿಯ ಫೋನುಗಳು ರೇಡಿಯೋಗಳಾದದ್ದು.

ಓದುವವನೊಬ್ಬ, ಬಿಡಿಸುವವನೊಬ್ಬ

ಕೇಳಿ ತಿಳಿಯುವುದು ಓದಿಗಿಂತ ಕಡಿಮೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕನ್ನಡದವರು ಶತಮಾನಗಳ ಕಾಲ ಪುಸ್ತಕವನ್ನು ಕಿವಿಯಿಂದಲೇ ಓದಿದವರು. ಕುಮಾರವ್ಯಾಸನ ಭಾರತ ಅಕ್ಷರ ಬಾರದವರ ಬಾಯಲ್ಲೂ ನಿಂತದ್ದು ಗಮಕದಿಂದ. ಒಬ್ಬರು ರಾಗವಾಗಿ ವಾಚನ ಮಾಡುತ್ತಾರೆ, ಪಕ್ಕದಲ್ಲಿ ಇನ್ನೊಬ್ಬರು ವ್ಯಾಖ್ಯಾನ ಹೇಳುತ್ತಾರೆ. ಪದ್ಯಕ್ಕೂ ಕೇಳುವವರಿಗೂ ನಡುವೆ ವ್ಯಾಖ್ಯಾನಕಾರ ಒಂದು ಸೇತುವೆ. ಆತ ಪದದ ಅರ್ಥವನ್ನಷ್ಟೇ ಹೇಳಿ ಬಿಡುವುದಿಲ್ಲ. ಕರ್ಣ ಆ ಹೊತ್ತಿನಲ್ಲಿ ಯಾಕೆ ಸುಮ್ಮನಿದ್ದ ಎಂದು ಕೇಳುತ್ತಾನೆ, ಎದುರಿಗೆ ಕೂತವರು ಯೋಚಿಸುವಷ್ಟು ಹೊತ್ತು ತಡೆಯುತ್ತಾನೆ.

ನಮ್ಮ ಈ ಸೀಮೆಯಲ್ಲೇ ‘ಪಿರಿಯಾಪಟ್ಟಣದ ಕಾಳಗ’ ಜನಪದ ಹಾಡುಗಾರರ ದನಿಯಲ್ಲಿ ಉಳಿದು ಬಂದ ಕಥನ. ಊರಿನ ಇತಿಹಾಸವನ್ನು ಊರು ಓದಿದ್ದಕ್ಕಿಂತ ಕೇಳಿದ್ದೇ ಹೆಚ್ಚು.

ಒಳ್ಳೆಯ ಚಿಕ್ಕ ಸಂದರ್ಶನ ಮಾಡುವುದೂ ಇದನ್ನೇ. ಲೇಖಕ ಒಂದು ಪುಟ ಓದುತ್ತಾನೆ, ಕೇಳುಗನ ಪರವಾಗಿ ಒಬ್ಬರು ಆ ಪುಟದ ಮುಂದೆ ನಿಂತು ಕೇಳುತ್ತಾರೆ. ಇಡೀ ಕತೆ ಹೇಳುವುದಿಲ್ಲ. ಬಾಗಿಲವರೆಗೆ ಕರೆದುಕೊಂಡು ಹೋಗಿ, ಒಳಗೆ ದೀಪ ಉರಿಯುತ್ತಿದೆ ಎಂದು ತೋರಿಸಿ, ಕೈ ಬಿಡುತ್ತಾರೆ.

ಅಮೆರಿಕದ ಸಾರ್ವಜನಿಕ ರೇಡಿಯೋ ಎನ್‌ಪಿಆರ್ ‘ಬುಕ್ ಆಫ್ ದ ಡೇ’ ಎಂಬ ಪಾಡ್‌ಕಾಸ್ಟ್ ನಡೆಸುತ್ತದೆ. ಒಂದು ದಿನಕ್ಕೆ ಒಂದು ಪುಸ್ತಕ, ಬರೆದವರ ಜೊತೆ ಒಂದು ಪುಟ್ಟ ಮಾತುಕತೆ. ಕಾಫಿ ಮುಗಿಯುವುದರೊಳಗೆ ಕಂತೂ ಮುಗಿದಿರುತ್ತದೆ. ಬಿಬಿಸಿ ವರ್ಲ್ಡ್ ಸರ್ವಿಸ್‌ನ ‘ವರ್ಲ್ಡ್ ಬುಕ್ ಕ್ಲಬ್’ ಇನ್ನೊಂದು ಬಗೆಯದು. ಅಲ್ಲಿ ಲೇಖಕರಿಗೆ ಪ್ರಶ್ನೆ ಕೇಳುವವರು ಜಗತ್ತಿನ ಮೂಲೆಮೂಲೆಯ ಓದುಗರು. ನಾನು ಮೊದಮೊದಲು ಈ ಎರಡನ್ನೂ ಕೇಳುತ್ತಾ ಹೆಸರೇ ಗೊತ್ತಿರದ ಎಷ್ಟೋ ಪುಸ್ತಕಗಳನ್ನು ಬರೆದಿಟ್ಟುಕೊಂಡೆ. ಆಮೇಲೆ ಒಂದು ದಿನ ಆ ಚೀಟಿ ತೆಗೆದು ನೋಡಿದರೆ ಅದರಲ್ಲಿ ಒಂದೂ ಕನ್ನಡ ಪುಸ್ತಕ ಇರಲಿಲ್ಲ. ಅವತ್ತಿನಿಂದ ಕನ್ನಡದ ದನಿಗಳನ್ನು ಹುಡುಕತೊಡಗಿದೆ.

ಸಿಕ್ಕಿದವು. 2019ರಲ್ಲಿ ಶುರುವಾದ ‘ತಲೆ-ಹರಟೆ’ ಕನ್ನಡದಲ್ಲೂ ಗಂಭೀರ ವಿಷಯವನ್ನು ಹರಟೆಯ ಸಲಿಗೆಯಲ್ಲಿ ಮಾತಾಡಬಹುದು ಎಂದು ತೋರಿಸಿಕೊಟ್ಟ ಪಾಡ್‌ಕಾಸ್ಟ್. ಅದೇ ವರ್ಷದ ಆಗಸ್ಟ್ 15ರಂದು ಸತೀಶ್ ಚಪ್ಪರಿಕೆಯವರು ಕಟ್ಟಿದ ‘ಬುಕ್ ಬ್ರಹ್ಮ’ ಹೊರಬಂತು. ಕನ್ನಡ ಪುಸ್ತಕಗಳಿಗೆಂದೇ ಇರುವ ಈ ಡಿಜಿಟಲ್ ವೇದಿಕೆಯಲ್ಲಿ ಲೇಖಕರ ಮಾತುಗಳದ್ದೇ ದೊಡ್ಡ ರಾಶಿ. ‘ಋತುಮಾನ’ ಬರಹದ ಜೊತೆಗೆ ದನಿಯನ್ನೂ ಜೋಡಿಸಿತು. 2020ರಲ್ಲಿ ಬಂದ ‘ಮೈಲ್ಯಾಂಗ್’ ಇ-ಪುಸ್ತಕ, ಆಡಿಯೋ ಪುಸ್ತಕಗಳನ್ನು ಕನ್ನಡದವರ ಫೋನಿಗೆ ತಂದಿತು. ಈ ಎಲ್ಲವನ್ನೂ ಕಟ್ಟಿದವರು ಅಚ್ಚುಕಟ್ಟಾಗಿ ಮಾಡಬೇಕೆಂಬ ಹಟ ಹಿಡಿದು ಕಟ್ಟಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ. ಆ ಗೌರವದಿಂದಲೇ ಒಂದು ಮಾತು ಹೇಳಬೇಕಾಗಿದೆ.

ಹಾರ ಹಾಕಿ ಮುಗಿಯುವಷ್ಟರಲ್ಲಿ

ಕನ್ನಡದಲ್ಲಿ ಲೇಖಕರ ಸಂದರ್ಶನ ಎಂದರೆ ಸಾಮಾನ್ಯವಾಗಿ ಒಂದು ಸನ್ಮಾನ ಸಮಾರಂಭ. ಮೊದಲು ಪ್ರಶಸ್ತಿಗಳ ಪಟ್ಟಿ. ಆಮೇಲೆ “ನಿಮ್ಮ ಬಾಲ್ಯದ ಬಗ್ಗೆ ಹೇಳಿ”. ಅದಾದ ಮೇಲೆ “ಬರವಣಿಗೆಗೆ ಪ್ರೇರಣೆ ಯಾರು?”. ಕೊನೆಯಲ್ಲಿ “ಯುವ ಬರಹಗಾರರಿಗೆ ನಿಮ್ಮ ಸಂದೇಶ?”. ಒಂದೂಕಾಲು ಗಂಟೆ ಕಳೆದಿರುತ್ತದೆ. ಹೊಸ ಪುಸ್ತಕದ ಹೆಸರು ಎರಡು ಸಲ ಬಂದಿರುತ್ತದೆ, ಅದರೊಳಗಿನ ಒಂದು ಪಾತ್ರದ ಹೆಸರೂ ಬಂದಿರುವುದಿಲ್ಲ.

ಮಾವನ ಫೋನಿಗೆ ನಾನು ಇಳಿಸಿಕೊಟ್ಟದ್ದರಲ್ಲಿ ಇಂಥದ್ದೂ ಒಂದಿತ್ತು. ಮಾವ ಹತ್ತು ನಿಮಿಷ ಕೇಳಿದರು. “ಇನ್ನೂ ಪೀಠಿಕೆನೇ ನಡೀತಾ ಅದೆ ಕಣ್ಲಾ” ಎಂದು ಸೌದೆ ತಳ್ಳಲು ಎದ್ದುಹೋದರು. ಬಂದ ಮೇಲೆ ಅದನ್ನು ಮತ್ತೆ ಹಚ್ಚಲಿಲ್ಲ.

ಬಾನು ಅವರ ಮಾತನ್ನು ಪೂರ್ತಿ ಕೇಳಿದರು. ಚೊಂಬಿನ ಮುಂದೆ ಕೂತ ಮಾವನನ್ನು ನೋಡುತ್ತಾ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಚಿಕ್ಕ ಸಂದರ್ಶನ ಗೆಲ್ಲುವುದು ಚಿಕ್ಕದಾಗಿದೆ ಎಂಬ ಕಾರಣಕ್ಕಲ್ಲ, ಕೇಳುವವರು ಪುಸ್ತಕ ಓದಿ ಬಂದಿದ್ದಾರೆ ಎಂಬ ಕಾರಣಕ್ಕೆ. ಹನ್ನೆರಡು ನಿಮಿಷವಷ್ಟೇ ಕೈಯಲ್ಲಿದ್ದಾಗ ಬಾಲ್ಯಕ್ಕೆ ಹೋಗಲು ಪುರುಸೊತ್ತಿಲ್ಲ. “ಈ ಕತೆಯಲ್ಲಿ ಆ ತಾಯಿ ಬಾಗಿಲವರೆಗೆ ಬಂದು ಯಾಕೆ ಹಿಂದಿರುಗಿದಳು?” ಎಂದು ನೇರವಾಗಿ ಕೇಳಬೇಕು. ಅಂಥ ಪ್ರಶ್ನೆ ಬಿದ್ದಾಗ ಲೇಖಕರ ದನಿಯೇ ಬದಲಾಗುತ್ತದೆ. ವೇದಿಕೆಯ ಮೇಲೆ ಎಷ್ಟೋ ಸಲ ಹೇಳಿದ ಉತ್ತರ ಬಾಯಿಗೆ ಬರುವುದಿಲ್ಲ, ಒಂದು ಕ್ಷಣ ಸುಮ್ಮನಾಗುತ್ತಾರೆ. ರೇಡಿಯೋದವರು ಹೆದರುವ ಆ ಮೌನದಲ್ಲೇ ಕೇಳುಗ ಪುಸ್ತಕದ ಕಡೆಗೆ ಒಂದು ಹೆಜ್ಜೆ ಇಡುತ್ತಾನೆ.

ದೀರ್ಘ ಮಾತುಕತೆ ಬೇಡ ಎಂದು ನಾನು ಹೇಳುತ್ತಿಲ್ಲ. ಓದಿ ಮುಗಿಸಿದ ಮೇಲೆ ಎರಡು ಗಂಟೆಯ ಮಾತು ಬೇಕೇ ಬೇಕು, ಹಬ್ಬದೂಟದ ಹಾಗೆ. ಆದರೆ ಪುಸ್ತಕದ ಹೆಸರೇ ಕೇಳದವರಿಗೆ ಮೊದಲು ಒಂದು ತುತ್ತಿನ ರುಚಿ ಬೇಕು. ಕನ್ನಡದಲ್ಲಿ ಹಬ್ಬದೂಟ ಬಡಿಸುವವರು ಹಲವರಿದ್ದಾರೆ, ತುತ್ತು ಕೊಡುವವರು ಸಾಲದು.

ಇನ್ನೊಂದು, ಮಾತಿನ ಕನ್ನಡ. ಮಾವ ಬಾನು ಅವರನ್ನು ಕೇಳಿದ್ದು ಅದು ‘ಪುಸ್ತಕದ ಕನ್ನಡ’ ಅಲ್ಲ ಎಂಬ ಕಾರಣಕ್ಕೂ ಹೌದು. ಲೇಖಕರು ಮೈಕಿನ ಮುಂದೆ ಕೂತೊಡನೆ ತಮ್ಮೂರಿನ ಕನ್ನಡವನ್ನು ಮಡಿಸಿ ಪೆಟ್ಟಿಗೆಗೆ ಹಾಕಿಬಿಡುತ್ತಾರೆ. ಕತೆಯಲ್ಲಿ ಇರುವ ಮಾತು ಕತೆಗಾರರ ಬಾಯಲ್ಲಿ ಇರುವುದಿಲ್ಲ. ಕೇಳುವವರು “ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ ಹೇಳಿ” ಎಂದರೆ ಸಾಕು, ಅರ್ಧ ದೂರ ಕರಗುತ್ತದೆ.

ಹಾಸನ, ಮಡಿಕೇರಿ, ಲಂಡನ್

• 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ. ಕನ್ನಡದಿಂದ ಅನುವಾದವಾಗಿ ಈ ಪ್ರಶಸ್ತಿ ಪಡೆದ ಮೊದಲ ಕೃತಿ, ಪ್ರಶಸ್ತಿ ಪಡೆದ ಮೊದಲ ಸಣ್ಣಕತೆಗಳ ಸಂಕಲನವೂ ಹೌದು.

• ಅದರಲ್ಲಿ ಇರುವುದು 12 ಕತೆಗಳು. ಅನುವಾದಿಸಿದ ದೀಪಾ ಭಾಸ್ತಿ ಮಡಿಕೇರಿಯವರು. 50,000 ಪೌಂಡ್ ಬಹುಮಾನ ಲೇಖಕಿ-ಅನುವಾದಕಿ ಇಬ್ಬರಿಗೂ ಸಮಪಾಲು.

• ಬಾನು ಅವರ ‘ಕರಿ ನಾಗರಗಳು’ ಕತೆಯನ್ನು ಆಧರಿಸಿ ಗಿರೀಶ್ ಕಾಸರವಳ್ಳಿ 2004ರಲ್ಲಿ ‘ಹಸೀನಾ’ ಸಿನಿಮಾ ಮಾಡಿದ್ದರು.

ಕಲ್ಲಹಳ್ಳಿಯ ಇಬ್ಬರು

ಕಂಪಲಾಪುರದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ಪಿರಿಯಾಪಟ್ಟಣ, ಬೈಲಕುಪ್ಪೆ, ಕುಶಾಲನಗರ ದಾಟಿ ಮಡಿಕೇರಿ. ಬಾನು ಅವರ ಕತೆಗಳು ಇಂಗ್ಲಿಷಿಗೆ ಹೋದದ್ದು ಆ ದಾರಿಯ ಕೊನೆಯಲ್ಲಿ. ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿದರೆ ಹುಣಸೂರು. ಆ ತಾಲ್ಲೂಕಿನ ಕಲ್ಲಹಳ್ಳಿ ಎಂದರೆ ಎಲ್ಲರಿಗೂ ದೇವರಾಜ ಅರಸು ನೆನಪಾಗುತ್ತಾರೆ. ನನಗೆ ಇನ್ನಿಬ್ಬರು ನೆನಪಾಗುತ್ತಾರೆ.

ಒಬ್ಬರು ಚದುರಂಗ. ಸುಬ್ರಹ್ಮಣ್ಯರಾಜೇ ಅರಸು ಎಂಬುದು ಅವರ ಹೆಸರು, 1916ರ ಜನವರಿ 1ರಂದು ಕಲ್ಲಹಳ್ಳಿಯಲ್ಲಿ ಹುಟ್ಟಿದರು. ‘ಸರ್ವಮಂಗಳಾ’, ‘ಉಯ್ಯಾಲೆ’ ಬರೆದವರು. ‘ವೈಶಾಖ’ ಕಾದಂಬರಿಗೆ 1982ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳ್ಳಿಯ ಜಾತಿ, ಹಸಿವು, ಹೆಣ್ಣಿನ ಒಂಟಿತನ ಇವನ್ನೆಲ್ಲ ಈ ಸೀಮೆಯ ಬಿಸಿಲಿನಲ್ಲೇ ನಿಲ್ಲಿಸಿ ನೋಡಿದ ಕಾದಂಬರಿ ಅದು. ಮಾವನಿಗೆ ರಾಜ್‌ಕುಮಾರ್ ನಟಿಸಿದ ‘ಉಯ್ಯಾಲೆ’ ಸಿನಿಮಾ ಗೊತ್ತು. ಅದರ ಕತೆ ಬರೆದವರು ಹುಣಸೂರು ತಾಲ್ಲೂಕಿನವರು ಎಂದಾಗ ಕೈಯಲ್ಲಿದ್ದ ಕೊರಡನ್ನು ಕೆಳಗಿಟ್ಟು, “ನಮ್ ಕಲ್ಲಳ್ಳಿಯೋರಾ?” ಎಂದು ಎರಡು ಸಲ ಕೇಳಿದರು.

ಇನ್ನೊಬ್ಬ ಮೂರನೆಯ ಮಂಗರಸ. ಚಂಗಾಳ್ವರ ಕಾಲದವನು, ಹದಿನಾರನೆಯ ಶತಮಾನದ ಆರಂಭದಲ್ಲಿ ಇದೇ ಕಲ್ಲಹಳ್ಳಿಯಲ್ಲಿದ್ದವನು. ಜೈನ ಕಾವ್ಯಗಳನ್ನು ಬರೆದ ಈ ಕವಿ ‘ಸೂಪಶಾಸ್ತ್ರ’ ಎಂಬ ಅಡುಗೆಯ ಪುಸ್ತಕವನ್ನೂ ಬರೆದ, ಅದೂ ವಾರ್ಧಕ ಷಟ್ಪದಿಯಲ್ಲಿ. ರೊಟ್ಟಿ, ಪಾಯಸ, ಬದನೆಕಾಯಿಯ ಬಗೆಗಳು ಛಂದಸ್ಸಿನಲ್ಲಿ! ಇದನ್ನು ಹೇಳಿದಾಗ ಅತ್ತೆ ಅಡುಗೆಮನೆಯಿಂದ ಹೊರಗೆ ಬಂದು ನಿಂತರು. “ಬದ್ನೇಕಾಯ್‌ಗೆ ಏನೇನ್ ಹಾಕ್ತಿದ್ದ ಅಂತೆ ಕೇಳಪ್ಪ” ಎಂದರು.

ಕೇಳಲು ಮಂಗರಸನಿಲ್ಲ. 1998ರಲ್ಲಿ ತೀರಿಕೊಂಡ ಚದುರಂಗರ ದನಿಯನ್ನು ನಾನು ಕೇಳಿಲ್ಲ. ಆದರೆ ಓದಿಕೊಂಡ ಒಬ್ಬ ಮೇಷ್ಟರು, ಓದಿಕೊಂಡ ಒಬ್ಬ ಹುಡುಗಿ ಎದುರುಬದುರು ಕೂತು ‘ವೈಶಾಖ’ದ ಒಂದೇ ಒಂದು ಅಧ್ಯಾಯದ ಬಗ್ಗೆ ಹತ್ತು ನಿಮಿಷ ಮಾತಾಡಿ, ಆ ದನಿಯನ್ನು ಹುಣಸೂರು-ಪಿರಿಯಾಪಟ್ಟಣದ ವಾಟ್ಸ್‌ಆ್ಯಪ್ ಗುಂಪುಗಳಿಗೆ ಬಿಟ್ಟರೆ ಏನಾಗಬಹುದು ಎಂಬುದನ್ನು ಮಾವನ “ನಮ್ ಕಲ್ಲಳ್ಳಿಯೋರಾ?” ಹೇಳುತ್ತದೆ. ಹೊಸ ಪುಸ್ತಕ ಎಂದರೆ ನಿನ್ನೆ ಅಚ್ಚಾದದ್ದು ಮಾತ್ರವಲ್ಲ, ನಮಗೆ ಇವತ್ತು ಗೊತ್ತಾದದ್ದೂ ಹೊಸತೇ.

ಅಂಥ ದನಿಗೆ ನೆಲೆಯೂ ಇಲ್ಲೇ ಇದೆ. ಎಚ್.ಡಿ. ಕೋಟೆ ಕಡೆಯ ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 2012ರಿಂದ ‘ಜನಧ್ವನಿ’ ಸಮುದಾಯ ಬಾನುಲಿಯನ್ನು ನಡೆಸುತ್ತಿದೆ, 90.8 ಎಫ್‌ಎಂ. ಸಮುದಾಯ ಬಾನುಲಿಯ ದನಿ ಹತ್ತು-ಹದಿನೈದು ಕಿಲೋಮೀಟರಿನ ಆಚೆ ಸಾಗುವುದು ಕಷ್ಟ, ಕಂಪಲಾಪುರಕ್ಕೆ ಅದು ಮುಟ್ಟುವುದಿಲ್ಲ. ಆದರೆ ಊರಿನವರೇ ಊರಿನ ಮಾತಿನಲ್ಲಿ ಊರಿನವರಿಗೆ ಮಾತಾಡುವುದು ಹೇಗೆ ಎಂಬುದನ್ನು ಈ ಸೀಮೆಯಲ್ಲಿ ಕಲಿತವರು ಇದ್ದಾರೆ. ಅಲ್ಲಿ ಧ್ವನಿಮುದ್ರಿಸಿದ ಹತ್ತು ನಿಮಿಷ ಫೋನಿನಲ್ಲಿ ಎಲ್ಲಿಗೆ ಬೇಕಾದರೂ ಹೋಗಬಲ್ಲದು.

ಎಲ್ ಸಿಗ್ತದೆ?

ಮಾವನ ಪ್ರಶ್ನೆಗೆ ಉತ್ತರ ಹುಡುಕಿ ಹೊರಟೆ. ಊರಿನಲ್ಲಿ ಗೊಬ್ಬರ, ಔಷಧಿ, ಪ್ಲಾಸ್ಟಿಕ್ ಕೊಡ, ಮೊಬೈಲ್ ಕವರ್ ಸಿಗುತ್ತವೆ. ಕತೆ ಪುಸ್ತಕಕ್ಕೆ ಮೈಸೂರಿಗೇ ಹೋಗಬೇಕು. ಹೋಗಿಬರುವ ಬಸ್ ಖರ್ಚೇ ಪುಸ್ತಕದ ಬೆಲೆಯ ಹತ್ತಿರಕ್ಕೆ ಬರುತ್ತದೆ, ಒಂದು ದಿನದ ಕೂಲಿ ಬೇರೆ.

ಕನ್ನಡ ಪುಸ್ತಕದ ಲೆಕ್ಕವೇ ಚಿಕ್ಕದು. ಸಾಮಾನ್ಯವಾಗಿ ಐನೂರೋ ಸಾವಿರವೋ ಪ್ರತಿ ಅಚ್ಚಾಗುತ್ತವೆ. ಅಷ್ಟರಲ್ಲಿ ಊರೂರಿಗೆ ಕಳಿಸುವುದೆಂದರೆ ಪ್ರಕಾಶಕರಿಗೆ ಕೈಸುಡುವ ಮಾತು. ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದು ಕನ್ನಡದವರೆಲ್ಲ ಬಲ್ಲ ಸಂಗತಿ. ನೂರು ವರ್ಷದ ಹಿಂದೆ ಪುಸ್ತಕವೇ ಓದುಗನ ಬಾಗಿಲಿಗೆ ನಡೆದು ಬಂತು, ಬರೆದವರ ದನಿಯೂ ಅದರ ಜೊತೆಯಲ್ಲೇ ಬಂತು. ಈಗ ದನಿ ಮಾತ್ರ ಬರುತ್ತದೆ, ಪುಸ್ತಕ ಹಿಂದೆ ಉಳಿಯುತ್ತದೆ.

ಮಾವನಿಗಾಗಿ ಆನ್‌ಲೈನ್‌ನಲ್ಲಿ ತರಿಸಲು ನೋಡಿದೆ. ಹದಿನೈದು ದಿನ ಕಳೆದರೂ ಪಾರ್ಸೆಲ್ ಬರಲಿಲ್ಲ. ವಿಳಾಸದಲ್ಲಿ ಮನೆ ನಂಬರ್ ಇಲ್ಲ ಎಂದು ವಾಪಸು ಹೋಯಿತಂತೆ. ಹೊಲದ ಮನೆಗೆ ನಂಬರ್ ಎಲ್ಲಿಂದ ತರುವುದು?

ಪರಿಹಾರ ದೂರದಲ್ಲಿಲ್ಲ ಎಂದು ನಾನು ನಂಬಿದ್ದೇನೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ. 2020ರ ನವೆಂಬರ್‌ನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳು ಅಲ್ಲಿಗೆ ಬರತೊಡಗಿದರು. ಆ ಕೋಣೆಯಲ್ಲಿ ವಾರಕ್ಕೆ ಒಂದು ಸಂಜೆ ಒಂದು ಸ್ಪೀಕರ್ ಇಟ್ಟು, ಒಬ್ಬ ಲೇಖಕರ ಹತ್ತು ನಿಮಿಷದ ಮಾತು ಕೇಳಿಸಲಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇರಲಿ. ಯಾವ ಪುಸ್ತಕ ಬೇಕೆಂದು ಕೇಳಿದವರು ಅದರಲ್ಲಿ ಬರೆಯಲಿ. ಮುಂದಿನ ಖರೀದಿಯಲ್ಲಿ ಆ ಪಟ್ಟಿಗೆ ಒಂದಿಷ್ಟು ಜಾಗ ಸಿಗಲಿ. ಯಾರೋ ಎಲ್ಲೋ ಕೂತು ಆರಿಸಿದ ಪುಸ್ತಕಕ್ಕೂ ಊರೇ ಕೇಳಿ ತರಿಸಿದ ಪುಸ್ತಕಕ್ಕೂ ಇರುವ ವ್ಯತ್ಯಾಸ ಅದರ ಹಾಳೆಯ ಅಂಚಿನಲ್ಲಿ ಕಾಣುತ್ತದೆ. ಊರು ಕೇಳಿದ ಪುಸ್ತಕದ ಅಂಚು ಬೇಗ ಕಪ್ಪಾಗುತ್ತದೆ.

ಪ್ರಕಾಶಕರಿಗೂ ಒಂದು ಮಾತು. ಪುಸ್ತಕ ಬಿಡುಗಡೆ ಸಮಾರಂಭಕ್ಕೆ ಸಭಾಂಗಣ, ಹಾರ, ಉಪ್ಪಿಟ್ಟು-ಕಾಫಿಗೆ ಆಗುವ ಖರ್ಚಿನಲ್ಲಿ ಒಂದು ಪಾಲನ್ನು ಹತ್ತು ನಿಮಿಷದ ಒಂದು ಒಳ್ಳೆಯ ಧ್ವನಿಮುದ್ರಣಕ್ಕೆ ಎತ್ತಿಡಿ. ಕೊನೆಯಲ್ಲಿ ಪುಸ್ತಕದ ಹೆಸರು, ಬೆಲೆ, ತರಿಸಿಕೊಳ್ಳಲು ಕರೆಮಾಡಬೇಕಾದ ನಂಬರನ್ನು ನಿಧಾನವಾಗಿ ಎರಡು ಸಲ ಹೇಳಿಸಿ. ಬ್ಯಾರನ್ ಕಟ್ಟೆಯ ಮೇಲೆ ಕೂತವರು ಇದ್ದಿಲಿನಲ್ಲಿ ಗೋಡೆಯ ಮೇಲೆ ಬರೆದುಕೊಳ್ಳುವಷ್ಟು ನಿಧಾನವಾಗಿ.

ಹರಾಜು ಕಟ್ಟೆಯಲ್ಲಿ

2025ರ ಸೆಪ್ಟೆಂಬರ್ 22ರಂದು ಬಾನು ಮುಷ್ತಾಕ್ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು. ಬೆಳಿಗ್ಗೆಯೇ ಮಾವನ ಫೋನು ಬಂತು. “ಲೋ, ಟಿವಿ ಹಾಕ್ಲಾ. ನಮ್ ಬ್ಯಾರನ್ ತಾವ ಮಾತಾಡಿದ್ ಅವಮ್ಮ!” ಅವರ ಮಟ್ಟಿಗೆ ಬುಕರ್ ಅಲ್ಲ, ದಸರೆಯೂ ಅಲ್ಲ, ಆ ರಾತ್ರಿಯ ಚೊಂಬಿನ ಪರಿಚಯವೇ ಮೊದಲು. ಕೊನೆಗೆ ಕೇಳಿದರು, “ಪುಸ್ತಕ ಏನಾಯ್ತು?”

ಅವತ್ತೇ ಮೈಸೂರಿನ ಅಂಗಡಿಯಲ್ಲಿ ಬಾನು ಅವರ ಕನ್ನಡ ಕತೆಗಳ ಒಂದು ಸಂಕಲನ ಕೊಂಡೆ. ಕವರಿನಲ್ಲಿ ಹಾಕಿ, ಮಡಿಕೇರಿ ಕಡೆ ಹೊರಟಿದ್ದ ಪರಿಚಯದವರೊಬ್ಬರ ಕೈಗೆ ಕೊಟ್ಟು ಕಂಪಲಾಪುರದಲ್ಲಿ ಇಳಿಸಲು ಹೇಳಿದೆ. ಸಂಜೆಯೊಳಗೆ ಪುಸ್ತಕ ಮಾವನ ಕೈಸೇರಿತ್ತು.

ಆ ವರ್ಷದ ನವೆಂಬರ್‌ನಲ್ಲಿ ಮತ್ತೆ ಊರಿಗೆ ಹೋದಾಗ ಮಾವ ಮನೆಯಲ್ಲಿರಲಿಲ್ಲ, ಕಂಪಲಾಪುರದ ತಂಬಾಕು ಹರಾಜು ಕೇಂದ್ರದಲ್ಲಿದ್ದರು. ಬೇಲುಗಳ ಸಾಲು ಸಾಲು, ಗಾಳಿಯಲ್ಲಿ ಒಣಸೊಪ್ಪಿನ ಘಾಟು. ಸರದಿ ಬರಲು ಹೊತ್ತಿತ್ತು. ಮಾವ ತಮ್ಮ ಬೇಲಿಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಪುಸ್ತಕ. ನಡುವೆ ಗುರುತಿಗೆ ಒಂದು ಹಳದಿ ಸೊಪ್ಪಿನ ಚೂರು.

ಪಕ್ಕದ ಬೇಲಿನವರು ಬಗ್ಗಿ ನೋಡಿದರು. “ಏನಣ್ಣ ಅದು? ಪಂಚಾಂಗವಾ?”

“ಕತೆ ಪುಸ್ತಕ ಕಣಪ್ಪ.”

“ಏನ್ ಕತೆ?”

ಮಾವ ಹೇಳಲು ಬಾಯಿ ತೆರೆದರು, ಏನೋ ಯೋಚಿಸಿ ನಿಲ್ಲಿಸಿದರು. ಜೇಬಿನಿಂದ ಫೋನು ತೆಗೆದು ಹುಡುಕಿದರು. ಅಕ್ಕಪಕ್ಕ ನೋಡಿ, ಯಾರೋ ನೀರು ಕುಡಿದು ಇಟ್ಟಿದ್ದ ಸ್ಟೀಲ್ ಲೋಟದೊಳಗೆ ಅದನ್ನು ನಿಲ್ಲಿಸಿದರು.

“ಮೊದ್ಲು ಇದ ಕೇಳು,” ಎಂದರು. “ಹನ್ನೆಲ್ಡೇ ನಿಮಿಷ. ಅಷ್ಟೊತ್ಗೆ ನಿನ್ ನಂಬರ್ ಬರಾಕಿಲ್ಲ.”